ಬಾಗಿದ ಬೆನ್ನಿಗೆ ಎತ್ತರದ ಹ್ಯಾಂಡಲ್

ಸಂಜೆ ಆರೂವರೆಯ ಹೊತ್ತಿಗೆ ಬೆಂಗಳೂರಿನ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತ ಬೈಕುಗಳನ್ನು ಒಮ್ಮೆ ಗಮನಿಸಿ. ಸ್ಕೂಟರಿನವರು ನೆಟ್ಟಗೆ ಕೂತು ಅತ್ತಿತ್ತ ನೋಡುತ್ತಿರುತ್ತಾರೆ. ನೂರು ಸಿಸಿ ಬೈಕಿನವರು ಒಂದು ಕಾಲು ನೆಲಕ್ಕೂರಿ ನಿರಾಳವಾಗಿರುತ್ತಾರೆ. ಸ್ಪೋರ್ಟ್ಸ್ ಬೈಕಿನ ಹುಡುಗ ಮಾತ್ರ ಎರಡೂ ಕೈಗಳನ್ನು ಹ್ಯಾಂಡಲಿನಿಂದ ತೆಗೆದು, ನಡುವನ್ನು ಹಿಂದಕ್ಕೆ ಬಗ್ಗಿಸಿ, ಕತ್ತನ್ನು ಎಡಕ್ಕೂ ಬಲಕ್ಕೂ ಹೊರಳಿಸಿ, ಮಣಿಕಟ್ಟು ಕೊಡವಿಕೊಳ್ಳುತ್ತಿರುತ್ತಾನೆ. ಹಸಿರು ದೀಪ ಬಿತ್ತೆಂದರೆ ಮತ್ತೆ ಟ್ಯಾಂಕಿನ ಮೇಲೆ ಬಾಗುತ್ತಾನೆ.

ಆ ಸಾಲಿನಲ್ಲಿ ಎಲ್ಲರ ಕಣ್ಣು ಹೋಗುವುದು ಅವನ ಗಾಡಿಯ ಮೇಲೆಯೇ. ನೋವು ತಿನ್ನುತ್ತಿರುವವನೂ ಅವನೇ. ಹೊಸ ಗಾಡಿಯ ಸಂಭ್ರಮ ಇಳಿಯುವಷ್ಟರಲ್ಲಿ ಅವನು ಗ್ಯಾರೇಜಿನ ಮುಂದೆ ನಿಂತಿರುತ್ತಾನೆ: “ಅಣ್ಣಾ, ಈ ಹ್ಯಾಂಡಲ್ ಸ್ವಲ್ಪ ಮೇಲೆ ಎತ್ತಬಹುದಾ?”

ಎತ್ತಬಹುದು. ಹಲವರಿಗೆ ಅದರಿಂದ ನೋವು ಇಳಿಯುವುದೂ ನಿಜ. ಆದರೆ ಹ್ಯಾಂಡಲ್ ಎಂದರೆ ಕೈ ಇಡುವ ಜಾಗವಷ್ಟೇ ಅಲ್ಲ. ಬ್ರೇಕು, ಕ್ಲಚ್ಚು, ಆಕ್ಸಿಲರೇಟರ್, ಮುಂದಿನ ಚಕ್ರದ ಹಿಡಿತ ಎಲ್ಲವೂ ಅದಕ್ಕೆ ಕಟ್ಟಿಕೊಂಡಿವೆ. ಎತ್ತುವ ಮುನ್ನ ಅದು ಅಷ್ಟು ಕೆಳಗೆ ಏಕಿದೆ ಎಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದು.

ಮೂರು ಬಿಂದುಗಳ ಲೆಕ್ಕ

ಬೈಕಿನ ಮೇಲೆ ನಮ್ಮ ದೇಹ ತಾಗುವುದು ಮೂರು ಕಡೆ: ಸೀಟು, ಫುಟ್‌ರೆಸ್ಟ್, ಹ್ಯಾಂಡಲ್. ಈ ಮೂರರ ನಡುವಿನ ದೂರ ಮತ್ತು ಎತ್ತರವೇ ಸವಾರ ಹೇಗೆ ಕೂರುತ್ತಾನೆ ಎಂಬುದನ್ನು ತೀರ್ಮಾನಿಸುತ್ತವೆ.

ದಿನನಿತ್ಯದ ಬೈಕಿನಲ್ಲಿ ಹ್ಯಾಂಡಲ್ ಎತ್ತರದಲ್ಲಿದ್ದು ಮೈಗೆ ಹತ್ತಿರವಿರುತ್ತದೆ. ಫುಟ್‌ರೆಸ್ಟ್ ಹೆಚ್ಚುಕಡಿಮೆ ಮಂಡಿಯ ನೇರಕ್ಕೆ ಕೆಳಗಿರುತ್ತದೆ. ಬೆನ್ನು ನೆಟ್ಟಗಿದ್ದು, ಮೈಭಾರದ ಬಹುಪಾಲು ಸೀಟಿನ ಮೇಲೆ ಬೀಳುತ್ತದೆ. ಸ್ಪೋರ್ಟ್ಸ್ ಬೈಕಿನಲ್ಲಿ ಹ್ಯಾಂಡಲ್ ಕೆಳಗೂ ದೂರಕ್ಕೂ ಹೋಗುತ್ತದೆ, ಫುಟ್‌ರೆಸ್ಟ್ ಹಿಂದಕ್ಕೂ ಮೇಲಕ್ಕೂ ಸರಿಯುತ್ತದೆ, ಸೀಟು ಮುಂದಕ್ಕೆ ಇಳಿಜಾರಾಗಿರುತ್ತದೆ. ಸವಾರ ಸೊಂಟದಲ್ಲಿ ಮಡಚಿಕೊಳ್ಳದೆ ಬೇರೆ ದಾರಿಯೇ ಇಲ್ಲ.

ಹ್ಯಾಂಡಲಿನ ರಚನೆಯಲ್ಲೂ ವ್ಯತ್ಯಾಸವಿದೆ. ಸಾಮಾನ್ಯ ಬೈಕಿನದು ಒಂದೇ ಉದ್ದನೆಯ ಪೈಪು. ಮುಂದಿನ ಫೋರ್ಕಿನ ಎರಡು ಕೊಳವೆಗಳನ್ನು ಮೇಲ್ತುದಿಯಲ್ಲಿ ಹಿಡಿದಿಡುವ ಲೋಹದ ಭಾಗವನ್ನು ಮೆಕ್ಯಾನಿಕ್‌ಗಳು ‘ಟಿ’ ಎನ್ನುತ್ತಾರೆ. ಆ ಪೈಪು ಈ ಟಿಯ ಮೇಲೆ ಕೂರುತ್ತದೆ. ಸ್ಪೋರ್ಟ್ಸ್ ಬೈಕಿನಲ್ಲಿ ಎಡಕ್ಕೊಂದು ಬಲಕ್ಕೊಂದು ಎರಡು ಮೋಟು ತುಂಡುಗಳಿರುತ್ತವೆ. ಇವು ಕ್ಲಿಪ್-ಆನ್. ಒಂದೊಂದು ತುಂಡೂ ತನ್ನ ಬದಿಯ ಫೋರ್ಕ್ ಕೊಳವೆಯನ್ನು ಬಿಗಿಯಾಗಿ ಕಚ್ಚಿಕೊಂಡಿರುತ್ತದೆ, ಕೆಲವು ಬೈಕುಗಳಲ್ಲಿ ಟಿಯ ಮೇಲೆ, ಕೆಲವುಗಳಲ್ಲಿ ಅದರ ಕೆಳಗೆ.

ಹೊರಮೈ ಒಂದೇ ತೆರನಾಗಿ ಕಂಡರೂ ಎಲ್ಲ ಸ್ಪೋರ್ಟ್ಸ್ ಬೈಕುಗಳ ಬಾಗು ಒಂದೇ ಅಲ್ಲ. 2003ರಲ್ಲಿ ಬಂದ ಹೀರೊ ಹೋಂಡಾ ಕರಿಜ್ಮಾ, 2011ರ ಹೋಂಡಾ ಸಿಬಿಆರ್ 250ಆರ್ ಬೈಕುಗಳಲ್ಲಿ ಹ್ಯಾಂಡಲ್ ಎರಡು ತುಂಡಾಗಿದ್ದರೂ ಎತ್ತರದಲ್ಲಿತ್ತು. ದೂರದೂರಿಗೆ ಹೋಗುವವರು ಅವನ್ನು ಮೆಚ್ಚಿದ್ದಕ್ಕೆ ಅದೂ ಒಂದು ಕಾರಣ. 2014ರಲ್ಲಿ ಬಂದ ಕೆಟಿಎಂ ಆರ್‌ಸಿ 390 ರೇಸಿನ ಕಡೆಗೇ ಮುಖ ಮಾಡಿತು. ಹೊಸೂರಿನ ಟಿವಿಎಸ್ 2017ರಲ್ಲಿ ತಂದ ಅಪಾಚೆ ಆರ್‌ಆರ್ 310 ಇವೆರಡರ ನಡುವಿನ ದಾರಿ ಹಿಡಿಯಿತು. 2021ರಲ್ಲಿ ಅದೇ ಬೈಕಿಗೆ, ಬೇಕೆಂದವರಿಗಾಗಿ, ರೇಸಿನ ಬಾಗಿನ ಹ್ಯಾಂಡಲ್ ಮತ್ತು ಎತ್ತರದ ಫುಟ್‌ರೆಸ್ಟ್ ಇರುವ ಪ್ರತ್ಯೇಕ ಕಿಟ್ಟನ್ನೂ ಕಂಪನಿ ಕೊಡತೊಡಗಿತು. ಒಂದೇ ಗಾಡಿಯ ಮೇಲೆ ಎಲ್ಲರೂ ಒಂದೇ ಥರ ಕೂರಬೇಕಿಲ್ಲ ಎಂಬುದನ್ನು ತಯಾರಕರೇ ಒಪ್ಪಿದಂತಾಯಿತು.

ಬಾಗಿದ್ದು ಗಾಳಿಗಾಗಿ

ಹ್ಯಾಂಡಲನ್ನು ಕೆಳಗಿಳಿಸಿದ್ದು ಚೆಂದಕ್ಕಲ್ಲ, ಗಾಳಿಗೆ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 30 ಕಿ.ಮೀ. ವೇಗದಲ್ಲಿ ಎದುರಾಗುವ ತಡೆಗಿಂತ 120ರಲ್ಲಿ ಎದುರಾಗುವುದು ಹದಿನಾರು ಪಟ್ಟು. ಬೈಕಿನ ಮೇಲೆ ನೆಟ್ಟಗೆ ಕೂತ ಮನುಷ್ಯನ ಎದೆ ಈ ಗಾಳಿಗೆ ದೊಡ್ಡ ಅಡ್ಡಿ. ಅವನು ಟ್ಯಾಂಕಿಗೆ ಎದೆಯಾನಿಸಿ ಮಲಗಿದರೆ ಅದೇ ಎಂಜಿನ್ನು ಇನ್ನಷ್ಟು ವೇಗ ಕೊಡುತ್ತದೆ.

ಇಟಲಿಯ ಮೋಟೊ ಗುಜಿ ಕಂಪನಿ 1950ರ ದಶಕದಲ್ಲೇ ಮಾಂಡೆಲ್ಲೊ ದೆಲ್ ಲಾರಿಯೊ ಊರಿನ ತನ್ನ ಕಾರ್ಖಾನೆಯಲ್ಲಿ ಬೈಕನ್ನೂ ಸವಾರನನ್ನೂ ಒಟ್ಟಿಗೆ ನಿಲ್ಲಿಸಿ ಪರೀಕ್ಷಿಸುವಷ್ಟು ದೊಡ್ಡ ಗಾಳಿಸುರಂಗ ಕಟ್ಟಿಕೊಂಡಿತ್ತು. ಅದೇ ಕಾಲಕ್ಕೆ ಲಂಡನ್ನಿನ ಏಸ್ ಕೆಫೆಯ ಸುತ್ತ ಸೇರುತ್ತಿದ್ದ ಹುಡುಗರು ತಮ್ಮ ಬೈಕುಗಳ ಎತ್ತರದ ಹ್ಯಾಂಡಲ್ ಕಿತ್ತು ರೇಸಿನ ಮೋಟು ಹ್ಯಾಂಡಲ್ ಹಾಕಿಸಿಕೊಳ್ಳುತ್ತಿದ್ದರು. ಕೆಫೆ ರೇಸರ್ ಎಂಬ ಶೈಲಿ ಹುಟ್ಟಿದ್ದು ಹಾಗೆ. ಇಂದು ನಮ್ಮವರು ಹ್ಯಾಂಡಲ್ ಎತ್ತಿಸಲು ಗ್ಯಾರೇಜಿಗೆ ಹೋದರೆ, ಅಂದಿನವರು ಹೋಗುತ್ತಿದ್ದುದು ಇಳಿಸಲು.

ಮೊದಲು ಹೆಚ್ಚಾಗಿ ರೇಸ್ ಟ್ರ್ಯಾಕಿನಲ್ಲೇ ಕಾಣುತ್ತಿದ್ದ ಈ ಭಂಗಿ ಅಂಗಡಿಗೆ ಬಂದದ್ದು ಮುಖ್ಯವಾಗಿ 1985ರ ಸುಜುಕಿ ಜಿಎಸ್‌ಎಕ್ಸ್-ಆರ್ 750 ಬೈಕಿನ ಮೂಲಕ. ಹಗುರ ಮೈ, ಪೂರ್ತಿ ಹೊದಿಕೆ, ತಗ್ಗಿದ ಹ್ಯಾಂಡಲ್: ರೇಸಿನ ಗಾಡಿಗೇ ದೀಪ, ನಂಬರ್ ಪ್ಲೇಟ್ ಹಾಕಿ ರಸ್ತೆಗೆ ಬಿಟ್ಟಂತಿತ್ತು. 1992ರ ಹೋಂಡಾ ಫೈರ್‌ಬ್ಲೇಡ್ ಆ ದಾರಿಯನ್ನು ಇನ್ನಷ್ಟು ಗಟ್ಟಿ ಮಾಡಿತು. ನಮ್ಮಲ್ಲಿ 2008ರಲ್ಲಿ ಯಮಹಾ ಆರ್15 ಬಂದ ಮೇಲೆ 150 ಸಿಸಿಯ ಬೈಕಿಗೂ ಅದೇ ಬಾಗು ಬಂತು. ಆಮೇಲೆ ವೇಗಕ್ಕಿಂತ ನೋಟವೇ ಮುಂದಾಯಿತು.

ಬಾಗಿ ಕೂರುವುದಕ್ಕೆ ಇನ್ನೊಂದು ಕಾರಣವೂ ಇದೆ. ಸವಾರ ಮುಂದಕ್ಕೆ ವಾಲಿದಾಗ ಮುಂದಿನ ಚಕ್ರದ ಮೇಲೆ ಭಾರ ಬೀಳುತ್ತದೆ, ತಿರುವಿನಲ್ಲಿ ಟೈರು ಏನು ಮಾಡುತ್ತಿದೆ ಎಂಬುದು ಅಂಗೈಗೆ ಚೆನ್ನಾಗಿ ತಿಳಿಯುತ್ತದೆ. ಟ್ರ್ಯಾಕಿನ ಮೇಲೆ ಇದು ದೊಡ್ಡ ಅನುಕೂಲ.

ಊರೊಳಗೆ ಆ ಗಾಳಿ ಇಲ್ಲ

ವೇಗವಾಗಿ ಹೋಗುವಾಗ ಎದುರು ಗಾಳಿ ಸವಾರನ ಎದೆಗೆ ಒತ್ತಿ, ಮುಂದಕ್ಕೆ ವಾಲಿದ ಮೈಯನ್ನು ಸ್ವಲ್ಪ ಮಟ್ಟಿಗೆ ಎತ್ತಿ ಹಿಡಿಯುತ್ತದೆ. ಕೈಗಳ ಮೇಲಿನ ಭಾರ ಅಷ್ಟರಮಟ್ಟಿಗೆ ಇಳಿಯುತ್ತದೆ. ತಗ್ಗಿದ ಹ್ಯಾಂಡಲಿನ ಲೆಕ್ಕಾಚಾರದಲ್ಲಿ ಈ ಗಾಳಿಗೂ ಒಂದು ಪಾಲಿದೆ.

ಹೊರವರ್ತುಲ ರಸ್ತೆಯಲ್ಲಿ ತೆವಳುವ ವೇಗದಲ್ಲಿ ಹೋಗುವಾಗ ಆ ಗಾಳಿ ಎಲ್ಲಿಂದ ಬರಬೇಕು? ಎದೆಯ ಭಾರವೆಲ್ಲ ಮಣಿಕಟ್ಟಿಗೆ ಇಳಿಯುತ್ತದೆ. ಹತ್ತು ಮಾರಿಗೊಮ್ಮೆ ಬ್ರೇಕು. ಬ್ರೇಕು ಹಿಡಿದಾಗಲೆಲ್ಲ ಇಳಿಜಾರು ಸೀಟಿನ ಮೇಲೆ ಮೈ ಮುಂದಕ್ಕೆ ಜಾರುತ್ತದೆ, ಆ ಜಾರುವಿಕೆಯನ್ನು ತಡೆಯುವ ಕೆಲಸವೂ ಅಂಗೈಯದೇ. ಹಂಪು, ಗುಂಡಿ ಬಂದರೆ ಫೋರ್ಕ್ ನುಂಗಿ ಉಳಿದ ಏಟು ನೇರ ಭುಜಕ್ಕೆ, ಕತ್ತಿಗೆ.

ಊರು ದಾಟಿದರೂ ಎಲ್ಲ ಕಡೆ ತೆರೆದ ರಸ್ತೆ ಸಿಗುವುದಿಲ್ಲ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯಲ್ಲೇ ಸಾಗಬೇಕು. ಇರುಂಗಾಟ್ಟುಕೋಟೈನ ಚೆನ್ನೈ ಟ್ರ್ಯಾಕಿನಲ್ಲಿ ಹಿತವಾಗಿ ಒಗ್ಗುವ ಬೈಕು ಮಾರತಹಳ್ಳಿಯಲ್ಲಿ ಮೈ ಹಿಂಡುವುದಕ್ಕೆ ಕಾರಣ ಗಾಡಿಯ ದೋಷವಲ್ಲ. ಅದನ್ನು ಮಾಡಿದ್ದು ಒಂದು ಕೆಲಸಕ್ಕೆ, ನಾವು ಹಚ್ಚಿದ್ದು ಇನ್ನೊಂದಕ್ಕೆ.

ನೋವು ಎಲ್ಲಿ, ಏಕೆ?

ನೆಟ್ಟಗೆ ನಿಂತಾಗ ನಮ್ಮ ಕೆಳಬೆನ್ನು ಒಳಮುಖವಾಗಿ ತುಸು ಬಾಗಿರುತ್ತದೆ. ಮೂಳೆಗಳ ನಡುವಿನ ಡಿಸ್ಕ್‌ಗಳು ಭಾರವನ್ನು ಸಮನಾಗಿ ಹಂಚಿಕೊಳ್ಳಲು ಈ ಬಾಗು ನೆರವಾಗುತ್ತದೆ. ಮುಂದಕ್ಕೆ ಬಗ್ಗಿ ಕೂತಾಗ ಅದು ಚಪ್ಪಟೆಯಾಗುತ್ತದೆ, ಕೆಲವರಲ್ಲಿ ಹೊರಕ್ಕೇ ಉಬ್ಬುತ್ತದೆ. ಸ್ವೀಡನ್ನಿನ ಮೂಳೆತಜ್ಞ ಆಲ್ಫ್ ನ್ಯಾಕೆಮ್ಸನ್ 1960ರ ದಶಕದಲ್ಲಿ ಡಿಸ್ಕಿನೊಳಗೇ ಸೂಜಿ ತೂರಿಸಿ ಒತ್ತಡ ಅಳೆದರು. ನಿಂತಾಗಿನದಕ್ಕಿಂತ ಆಸರೆಯಿಲ್ಲದೆ ಕೂತಾಗ ಒತ್ತಡ ಹೆಚ್ಚು, ಕೂತು ಮುಂದಕ್ಕೆ ಬಾಗಿದಾಗ ಇನ್ನೂ ಹೆಚ್ಚು ಎಂಬುದು ಅವರು ಕಂಡದ್ದು. ಕೈ ಊರಿಕೊಂಡರೆ ಬೆನ್ನಿನ ಹೊರೆ ಇಳಿಯುತ್ತದೆ ನಿಜ. ಆದರೆ ಇಳಿದ ಹೊರೆ ಮಾಯವಾಗುವುದಿಲ್ಲ, ಕೈಗೆ ಬರುತ್ತದೆ.

ಸವಾರರ ನೋವು ಊರೂರು ಸುತ್ತುವುದು ಇದರಿಂದಲೇ. ಬೆನ್ನು, ಹೊಟ್ಟೆಯ ಸ್ನಾಯುಗಳು ಗಟ್ಟಿಯಿಲ್ಲದವನು ಪೂರ್ತಿ ಕೈ ಮೇಲೆ ಬೀಳುತ್ತಾನೆ, ಮಣಿಕಟ್ಟು ನೋಯುತ್ತದೆ. ಕೈಗೆ ಭಾರ ಬಿಡದವನಿಗೆ ಕೆಳಬೆನ್ನು ಹಿಡಿದುಕೊಳ್ಳುತ್ತದೆ. ಇಬ್ಬರೂ ರಸ್ತೆ ನೋಡಲು ತಲೆ ಎತ್ತಲೇಬೇಕು. ಹೆಲ್ಮೆಟ್ಟಿನ ಭಾರ ಹೊತ್ತ ಕತ್ತು ಗಂಟೆಗಟ್ಟಲೆ ಹಿಂದಕ್ಕೆ ಬಾಗಿರುತ್ತದೆ.

ಜೋಮು ಹಿಡಿಯುವ ಬೆರಳುಗಳೂ ಸುಳಿವು ಕೊಡುತ್ತವೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮುಗಟ್ಟಿದರೆ ಮಣಿಕಟ್ಟಿನ ನಡುವೆ ಹಾಯುವ ನರ ಒತ್ತಿಕೊಂಡಿರುವ ಸಾಧ್ಯತೆ ಹೆಚ್ಚು. ಉಂಗುರ ಬೆರಳು, ಕಿರುಬೆರಳು ಜೋಮುಗಟ್ಟಿದರೆ ಅಂಗೈಯ ಹೊರ ಅಂಚಿನ ನರ. ದೂರದ ಸೈಕಲ್ ಸವಾರರಿಗೂ ಇದೇ ತೊಂದರೆ ಬರುವುದನ್ನು ವೈದ್ಯರು ಬಹಳ ಹಿಂದಿನಿಂದ ಬಲ್ಲರು.

ಒಂದು ಎಚ್ಚರಿಕೆ ಇಲ್ಲಿ ಅಗತ್ಯ. ನೋವು ಪೃಷ್ಠದಿಂದ ಕಾಲಿನ ಕೆಳಗಿನವರೆಗೆ ಇಳಿದರೆ, ಕಾಲಿನಲ್ಲಿ ಬಲ ಕುಂದಿದರೆ ಗ್ಯಾರೇಜಿಗಲ್ಲ, ವೈದ್ಯರ ಬಳಿಗೆ ಹೋಗಬೇಕು. ಮಲಮೂತ್ರದ ಹಿಡಿತ ತಪ್ಪಿದರಂತೂ ಒಂದು ದಿನವೂ ಕಾಯಬಾರದು.

ಎತ್ತರದ ಹ್ಯಾಂಡಲಿನ ಚಾಂಪಿಯನ್ನರು

ಎತ್ತರದ ಹ್ಯಾಂಡಲ್ ಎಂದರೆ ವೇಗವಿಲ್ಲದವರ ಗಾಡಿ ಎಂಬ ಭಾವನೆ ಹುಡುಗರಲ್ಲಿದೆ. ಅಮೆರಿಕದ ರೇಸಿನ ಇತಿಹಾಸ ಬೇರೆಯೇ ಹೇಳುತ್ತದೆ. ಅಲ್ಲಿ 1976ರಲ್ಲಿ ಆರಂಭವಾದ ಸೂಪರ್‌ಬೈಕ್ ಚಾಂಪಿಯನ್‌ಷಿಪ್‌ನಲ್ಲಿ ಓಡುತ್ತಿದ್ದುದು ಅಂಗಡಿಯಲ್ಲಿ ಸಿಗುವ ದೊಡ್ಡ, ಭಾರದ ಬೈಕುಗಳು. ಹ್ಯಾಂಡಲ್ ಅಗಲವೂ ಎತ್ತರವೂ ಆಗಿರುತ್ತಿತ್ತು. ಎಡ್ಡಿ ಲಾಸನ್ 1981 ಮತ್ತು 1982ರಲ್ಲಿ ಪ್ರಶಸ್ತಿ ಗೆದ್ದದ್ದು ಅಂಥ ಕಾವಾಸಾಕಿಯ ಮೇಲೆ. ಆ ಗೆಲುವಿನ ನೆನಪಿಗೆ ಕಂಪನಿ ಅವರ ಹೆಸರಿನಲ್ಲಿ ಹಸಿರು ಬಣ್ಣದ ಕೆಝಡ್ 1000ಆರ್ ಮಾದರಿಯನ್ನೇ ಮಾರಿತು.

ಕಾರಣ ಸರಳ. ಬೈಕು ವೇಗದಲ್ಲಿರುವಾಗ ಬಲಕ್ಕೆ ತಿರುಗಬೇಕೆಂದರೆ ಬಲಗೈಯ ಹಿಡಿಯನ್ನು ಮೆಲ್ಲಗೆ ಮುಂದಕ್ಕೆ ಒತ್ತಬೇಕು, ಗಾಡಿ ಬಲಕ್ಕೆ ವಾಲುತ್ತದೆ. ಹ್ಯಾಂಡಲ್ ಅಗಲವಿದ್ದಷ್ಟೂ ಕಡಿಮೆ ಬಲ ಸಾಕು. ಭಾರದ ಬೈಕನ್ನು ಒಂದು ಮಗ್ಗುಲಿಂದ ಇನ್ನೊಂದಕ್ಕೆ ಹೊರಳಿಸಲು ಅಗಲದ ಹ್ಯಾಂಡಲೇ ಅನುಕೂಲ. ಸಂದಿಗೊಂದಿಯ ನಗರದಲ್ಲೂ, ಚಾರ್ಮಾಡಿ, ಆಗುಂಬೆಯಂಥ ಘಾಟಿಯ ಬಿಗಿ ತಿರುವುಗಳಲ್ಲೂ ಇದು ನಿಜ.

ಎತ್ತರಿಸಲು ಮೂರು ದಾರಿ

ಮೊದಲನೆಯದು ರೈಸರ್. ಕ್ಲಿಪ್-ಆನ್ ಟಿಯ ಮೇಲೆ ಕೂರುವ ಬೈಕುಗಳಲ್ಲಿ ಅದರ ಕೆಳಗೆ ಅಳತೆಗೆ ಸರಿಯಾಗಿ ಮಾಡಿದ ಅಲ್ಯೂಮಿನಿಯಂ ತುಂಡು ಇಡುವುದು. ಹ್ಯಾಂಡಲ್ ಸಾಮಾನ್ಯವಾಗಿ 20ರಿಂದ 30 ಮಿಲಿಮೀಟರ್ ಏರುತ್ತದೆ. ಇಷ್ಟೇನಾ ಎನಿಸಬಹುದು. ಆದರೆ ಒಂದಿಂಚು ಮೇಲೆ, ತುಸು ಹಿಂದೆ ಬಂದರೂ ಮೊಣಕೈ ಸಡಿಲವಾಗಿ ಮಡಚಿಕೊಳ್ಳಲು ಜಾಗವಾಗುತ್ತದೆ. ಎತ್ತರ ಕಡಿಮೆಯಾದ್ದರಿಂದ ಎಷ್ಟೋ ಬೈಕುಗಳಲ್ಲಿ ಕೇಬಲ್ ಬದಲಿಸಬೇಕಾಗುವುದಿಲ್ಲ.

ಎರಡನೆಯದು, ಕ್ಲಿಪ್-ಆನ್ ಅನ್ನೇ ಬದಲಿಸುವುದು. ಹೊಸತರ ಕಚ್ಚು ಫೋರ್ಕನ್ನೇ ಹಿಡಿಯುತ್ತದೆ, ಆದರೆ ಹಿಡಿ ಎತ್ತರಕ್ಕೂ ಹಿಂದಕ್ಕೂ ಬಂದಿರುತ್ತದೆ. ಅಮೆರಿಕದ ಹೆಲಿಬಾರ್ಸ್ ಈ ಬಗೆಗೆ ಹೆಸರಾದ ಕಂಪನಿ. ಕೊಳ್ಳುವಾಗ ಫೋರ್ಕ್ ಕೊಳವೆಯ ದಪ್ಪಕ್ಕೆ ಸರಿಯಾಗಿ ಹೊಂದುವುದನ್ನೇ ತೆಗೆದುಕೊಳ್ಳಬೇಕು. ಒಂದು ಮಿಲಿಮೀಟರ್ ಸಡಿಲವಿದ್ದು, ರಬ್ಬರು ತುರುಕಿ ಬಿಗಿದರೆ ಜೋರಾಗಿ ಬ್ರೇಕು ಹಿಡಿದ ದಿನ ಹಿಡಿ ತಿರುಗಿಬಿಡುತ್ತದೆ.

ಮೂರನೆಯದು ಪೂರ್ತಿ ಮಾರ್ಪಾಡು. ಮೇಲಿನ ಟಿಯನ್ನೇ ತೆಗೆದು, ಪೈಪ್ ಹ್ಯಾಂಡಲ್ ಕೂರಿಸಲು ಜಾಗವಿರುವ ಬೇರೆ ಟಿ ಹಾಕುವುದು. ಜರ್ಮನಿಯ ಎಬಿಎಂ, ಎಲ್‌ಎಸ್‌ಎಲ್ ಕಂಪನಿಗಳು ದೊಡ್ಡ ಬೈಕುಗಳಿಗೆ ಇಂಥ ಕಿಟ್ ಮಾಡುತ್ತವೆ. ಕೇಬಲ್, ಬ್ರೇಕ್ ಹೋಸ್ ಎಲ್ಲ ಉದ್ದದ್ದು ಬೇಕು. ಕೆಲವೊಮ್ಮೆ ಮುಂದಿನ ಹೊದಿಕೆಯನ್ನೂ ಕೊರೆಯಬೇಕು. ಖರ್ಚು, ಕೆಲಸ ಎರಡೂ ಹೆಚ್ಚು.

ನಮ್ಮಲ್ಲಿ ನಾಲ್ಕನೆಯ ದಾರಿಯೂ ಒಂದಿದೆ: ಕ್ಲಿಪ್-ಆನ್ ಅನ್ನು ಬೆಂಕಿಗೆ ಹಿಡಿದು ಬಗ್ಗಿಸುವುದು, ಕತ್ತರಿಸಿ ವೆಲ್ಡಿಂಗ್ ಮಾಡಿಸುವುದು. ಇದನ್ನು ಮಾಡಲೇಬಾರದು. ಕಾದು ಬಾಗಿದ ಅಲ್ಯೂಮಿನಿಯಂ ಒಳಗಿಂದೊಳಗೆ ಬಿರುಕು ಬಿಡುತ್ತದೆ, ಹೊರಗೆ ಬಣ್ಣ ಬಳಿದರೆ ಏನೂ ಕಾಣದು. ತುರ್ತಾಗಿ ಬ್ರೇಕು ಹಿಡಿದಾಗ ಸವಾರನ ಮೈಯ ಮೇಲ್ಭಾಗದ ಭಾರವೆಲ್ಲ ಬೀಳುವುದು ಅದೇ ತುಂಡಿನ ಮೇಲೆ.

ಇನ್ನೊಂದು ಅಡ್ಡದಾರಿ ಫೋರ್ಕ್ ಕೊಳವೆಗಳನ್ನೇ ಟಿಯೊಳಗಿಂದ ಮೇಲಕ್ಕೆ ತಳ್ಳಿ, ಹೊರಬಂದ ತುದಿಗೆ ಕ್ಲಿಪ್-ಆನ್ ಬಿಗಿಯುವುದು. ಹ್ಯಾಂಡಲ್ ಏರಿದಂತೆ ಕಾಣುತ್ತದೆ. ನಿಜವಾಗಿ ಬೈಕಿನ ಮುಂಭಾಗ ಕೆಳಗಿಳಿದು, ಫೋರ್ಕಿನ ಓರೆ ಬದಲಾಗಿ, ಗಾಡಿ ವೇಗದಲ್ಲಿ ಚಂಚಲವಾಗುತ್ತದೆ.

ಹ್ಯಾಂಡಲ್ ಏರಿದರೆ ಏನೇನು ಬದಲಾಗುತ್ತದೆ?

ಹ್ಯಾಂಡಲ್ ಮೇಲೆ ಹೋದಾಗ ಅದಕ್ಕೆ ಕಟ್ಟಿದ ಕೇಬಲ್, ಹೋಸ್, ವೈರುಗಳೂ ಎಳೆಯಲ್ಪಡುತ್ತವೆ. ಕೆಲಸ ಮುಗಿದ ಮೇಲೆ ಗ್ಯಾರೇಜಿನಲ್ಲೇ ಕೆಲವು ಪರೀಕ್ಷೆ ಮಾಡಬೇಕು.

ಎಂಜಿನ್ ಚಾಲೂ ಮಾಡಿ, ಆಕ್ಸಿಲರೇಟರ್ ಮುಟ್ಟದೆ, ಹ್ಯಾಂಡಲನ್ನು ಎಡತುದಿಯಿಂದ ಬಲತುದಿಗೆ ನಿಧಾನವಾಗಿ ತಿರುಗಿಸಿ. ಎಂಜಿನ್ನಿನ ಸದ್ದು ಏರಿತೆಂದರೆ ಆಕ್ಸಿಲರೇಟರ್ ಕೇಬಲ್ ಬಿಗಿಯಾಗಿದೆ ಎಂದರ್ಥ. ಅಂಥ ಗಾಡಿ ಯೂ-ಟರ್ನ್ ಹೊಡೆಯುವಾಗ ತಾನಾಗಿ ಮುನ್ನುಗ್ಗುತ್ತದೆ.

ಮುಂದಿನ ಬ್ರೇಕಿನ ಹೋಸ್ ಎರಡೂ ತುದಿಗಳಲ್ಲಿ ಸಡಿಲವಾಗಿರಬೇಕು, ಎಲ್ಲೂ ಎಳೆದು ನಿಂತಿರಬಾರದು, ಮಡಚಿರಲೂಬಾರದು. ಉದ್ದದ ಹೋಸ್ ಹಾಕಿದರೆ ಜೋಡಣೆಯ ವಾಷರ್‌ಗಳು ಹೊಸವಿರಬೇಕು. ಗಾಡಿಗೆ ಹೇಳಿದ ದರ್ಜೆಯ ಬ್ರೇಕ್ ಆಯಿಲ್ ತುಂಬಿ, ಒಳಗಿನ ಗಾಳಿಯನ್ನು ಪೂರ್ತಿ ತೆಗೆಸಬೇಕು. ಕ್ಲಚ್ ಕೇಬಲ್‌ಗೆ ಸ್ವಲ್ಪ ಆಟ ಉಳಿದಿರಬೇಕು.

ಹ್ಯಾಂಡಲ್ ಪೂರ್ತಿ ತಿರುಗಿದಾಗ ಹೆಬ್ಬೆರಳು ಟ್ಯಾಂಕಿಗೆ ಸಿಕ್ಕಿಕೊಳ್ಳುತ್ತದೆಯೇ, ಲಿವರ್ ಹೊದಿಕೆಗೆ ಅಥವಾ ಗಾಜಿಗೆ ತಾಗುತ್ತದೆಯೇ ನೋಡಿ. ಬೋಲ್ಟ್‌ಗಳನ್ನು ಕಂಪನಿ ಹೇಳಿದ ಬಿಗಿಗೆ ಟಾರ್ಕ್ ರೆಂಚ್‌ನಲ್ಲೇ ಬಿಗಿಸಬೇಕು. ಕೆಲವು ದಿನ ಓಡಿಸಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಬೇಕು. ಇದೇ ಸಂದರ್ಭದಲ್ಲಿ ಹ್ಯಾಂಡಲ್ ತಿರುಗುವ ಬೇರಿಂಗ್, ಅಂದರೆ ಕೋನ್ ಸೆಟ್, ಸವೆದಿದೆಯೇ ಎಂದು ನೋಡಿಸುವುದೂ ಜಾಣತನ.

ಓಟದಲ್ಲೂ ವ್ಯತ್ಯಾಸ ಬರುತ್ತದೆ. ಮೈ ಹಿಂದಕ್ಕೆ ಬಂದಷ್ಟೂ ಮುಂದಿನ ಚಕ್ರದ ಭಾರ ಕಡಿಮೆಯಾಗಿ, ವೇಗದ ತಿರುವಿನಲ್ಲಿ ಮುಂಭಾಗ ಹಗುರವೆನಿಸುತ್ತದೆ. ಹೆದ್ದಾರಿಯಲ್ಲಿ ಎದೆಗೆ ಗಾಳಿ ಹೆಚ್ಚು ಹೊಡೆಯುತ್ತದೆ. ಇನ್ನೂ ಒಂದು ಸಂಗತಿಯನ್ನು ಅಂಗಡಿಯವರು ಹೇಳುವುದಿಲ್ಲ. ಹ್ಯಾಂಡಲನ್ನು ತೀರಾ ಎತ್ತರಿಸಿದರೆ ಭಾರವೆಲ್ಲ ಸೀಟಿಗೆ ಬಂದು, ಗುಂಡಿಯ ಏಟು ಬಾಲಮೂಳೆಯ ಮೂಲಕ ನೇರ ಬೆನ್ನಿಗೆ ಏರುತ್ತದೆ. ಫುಟ್‌ರೆಸ್ಟ್ ಮಾತ್ರ ಹಿಂದೆಯೇ ಉಳಿದಿರುವುದರಿಂದ ಮಂಡಿ ಮಡಚಿಕೊಂಡೇ ಇರುತ್ತದೆ. ಮಣಿಕಟ್ಟಿನ ನೋವು ಹೋಗಿ ಸೊಂಟದ ನೋವು ಬಂದರೆ ಲಾಭವೇನು?

ದುಡ್ಡಿಲ್ಲದೆ ಆಗುವ ಬದಲಾವಣೆ

ಹ್ಯಾಂಡಲಿಗೆ ಕೈ ಹಾಕುವ ಮೊದಲು ಕಾಸು ಖರ್ಚಿಲ್ಲದ ಕೆಲವು ಕೆಲಸಗಳಿವೆ.

ಬೈಕನ್ನು ಪ್ಯಾಡಕ್ ಸ್ಟ್ಯಾಂಡಿನ ಮೇಲೆ ಭದ್ರವಾಗಿ ನಿಲ್ಲಿಸಿ, ಓಡಿಸುವ ಭಂಗಿಯಲ್ಲೇ ಕೂತು, ಎರಡೂ ಕೈ ಹ್ಯಾಂಡಲಿನಿಂದ ಒಂದಂಗುಲ ಮೇಲೆತ್ತಿ. ಮೈ ಮುಂದಕ್ಕೆ ಕುಸಿದರೆ ಇಷ್ಟು ದಿನ ನಿಮ್ಮನ್ನು ಹೊತ್ತದ್ದು ಮಣಿಕಟ್ಟು. ಮಂಡಿಗಳಿಂದ ಟ್ಯಾಂಕನ್ನು ಅಪ್ಪಿ ಹಿಡಿದು ಮತ್ತೆ ಪ್ರಯತ್ನಿಸಿ, ಕುಸಿತ ಕಡಿಮೆಯಾಗುತ್ತದೆ. ಬ್ರೇಕು ಹಿಡಿಯುವಾಗಲೂ ಹೀಗೆ ತೊಡೆಗಳಿಂದಲೇ ತಡೆಯುವುದನ್ನು ರೂಢಿಸಿಕೊಂಡರೆ ಕೈ ಹಗುರವಾಗುತ್ತದೆ. ಟ್ಯಾಂಕಿನ ಬದಿಗೆ ಅಂಟಿಸುವ ರಬ್ಬರ್ ಪ್ಯಾಡ್ ಇದಕ್ಕೆ ನೆರವಾಗುತ್ತದೆ.

ಸೀಟಿನಲ್ಲಿ ಟ್ಯಾಂಕಿಗೆ ಒತ್ತಿಕೊಂಡು ಕೂರದೆ ತುಸು ಹಿಂದೆ ಕೂತು, ಬೆನ್ನನ್ನು ಗೂನು ಮಾಡದೆ, ಸೊಂಟದ ಕೀಲಿನಿಂದ ಬಾಗಿ. ಮೊಣಕೈ ಸೆಟೆಯದೆ ಸಡಿಲವಾಗಿರಲಿ. ತೊಡೆಯ ಹಿಂಭಾಗದ ಸ್ನಾಯು ಬಿಗಿಯಾಗಿದ್ದರೆ ಸೊಂಟ ಮುಂದಕ್ಕೆ ಹೊರಳದೆ ಬೆನ್ನೇ ಬಾಗಬೇಕಾಗುತ್ತದೆ. ದಿನವಿಡೀ ಆಫೀಸಿನ ಕುರ್ಚಿಯಲ್ಲಿ ಕೂರುವವರಲ್ಲಿ ಈ ಬಿಗಿತ ಸಾಮಾನ್ಯ. ಆ ಸ್ನಾಯುಗಳನ್ನು ಹಿಗ್ಗಿಸುವ, ಹೊಟ್ಟೆ–ಬೆನ್ನನ್ನು ಗಟ್ಟಿ ಮಾಡುವ ಸರಳ ವ್ಯಾಯಾಮ ಯಾವ ರೈಸರ್‌ಗಿಂತಲೂ ಕಡಿಮೆಯದಲ್ಲ.

ಲಿವರ್‌ಗಳ ಓರೆಯನ್ನೂ ನೋಡಿ. ಮುಂಗೈ, ಅಂಗೈ, ಬೆರಳು ಒಂದೇ ಗೆರೆಯಲ್ಲಿ ನಿಲ್ಲುವಂತೆ ಕ್ಲಚ್, ಬ್ರೇಕ್ ಲಿವರ್‌ಗಳನ್ನು ತುಸು ಕೆಳಕ್ಕೆ ತಿರುಗಿಸಿದರೆ ಮಣಿಕಟ್ಟು ಮುರಿದಂತೆ ಬಾಗುವುದಿಲ್ಲ. ಟೈರಿಗೆ ಕಂಪನಿ ಹೇಳಿದಷ್ಟೇ ಗಾಳಿ ಇರಲಿ. ಹಿಂದಿನ ಶಾಕ್‌ನ ಬಿಗಿ ನಿಮ್ಮ ತೂಕಕ್ಕೆ ಹೊಂದಿರಲಿ. ಲ್ಯಾಪ್‌ಟಾಪ್ ಚೀಲ ಬೆನ್ನಿನಿಂದ ಇಳಿದು ಹಿಂದಿನ ಸೀಟಿಗೆ ಹೋಗಲಿ. ದೂರ ಹೋಗುವಾಗ ಗಂಟೆಗೊಮ್ಮೆಯಾದರೂ ಇಳಿದು ನಡೆಯಿರಿ.

ಕಾನೂನಿನ ಮಾತು

ಮೋಟಾರು ವಾಹನ ಕಾಯ್ದೆ, 1988ರ 52ನೇ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ಹೇಳಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಕಟ್ಟುನಿಟ್ಟಾಗಿ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182-ಎ ಸೆಕ್ಷನ್, ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗಿನ ಸಜೆ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸುತ್ತದೆ.

ಆರ್‌ಸಿಯಲ್ಲಿ ಎಂಜಿನ್ ಸಂಖ್ಯೆ, ಷಾಸಿ ಸಂಖ್ಯೆ, ಬಣ್ಣ, ಇಂಧನ ಇರುತ್ತವೆ, ಹ್ಯಾಂಡಲಿನ ಎತ್ತರ ಇರುವುದಿಲ್ಲ. ಹಾಗಾಗಿ ರೈಸರ್ ಅಪರಾಧವಲ್ಲ ಎಂದು ವಾದಿಸುವವರಿದ್ದಾರೆ. ಆದರೆ ರಸ್ತೆಯಲ್ಲಿ ತಡೆದವರ ಎದುರು, ಅಪಘಾತವಾದ ಮೇಲೆ ವಿಮಾ ಕಂಪನಿಯ ಎದುರು ಆ ವಾದ ನಿಲ್ಲುತ್ತದೆಂದು ನಂಬಿ ಕೂರುವಂತಿಲ್ಲ. ವಾರಂಟಿ ಇರುವ ಗಾಡಿಗೆ ಹೊರಗಿನ ಭಾಗ ಹಾಕಿಸಿದರೆ ಅದಕ್ಕೂ ತಕರಾರು ಬರಬಹುದು. ಕಂಪನಿಯೇ ಮಾರುವ ಭಾಗ ಸಿಕ್ಕರೆ ಅದೇ ಲೇಸು. ಇಲ್ಲದಿದ್ದರೆ ಅಧಿಕೃತ ಸರ್ವಿಸ್ ಕೇಂದ್ರವನ್ನೂ ವಿಮಾ ಕಂಪನಿಯನ್ನೂ ಮೊದಲೇ ಕೇಳಿ, ಉತ್ತರವನ್ನು ಬರಹದಲ್ಲಿ ಇಟ್ಟುಕೊಳ್ಳಿ. ಜರ್ಮನಿಯಲ್ಲಿ ಇಂಥ ಕಿಟ್‌ಗಳು ಪರೀಕ್ಷೆಗೊಳಪಟ್ಟು, ಪ್ರಮಾಣಪತ್ರದೊಂದಿಗೇ ಮಾರಾಟವಾಗುತ್ತವೆ. ನಮ್ಮ ಬಿಡಿಭಾಗದ ಅಂಗಡಿಗಳಲ್ಲಿ ಸಿಗುವ ಹೆಚ್ಚಿನವಕ್ಕೆ ಅಂಥ ಕಾಗದವಿಲ್ಲ.

ಅದೇ ಎಂಜಿನ್, ಬೇರೆ ಹ್ಯಾಂಡಲ್

ಇಷ್ಟೆಲ್ಲ ತಲೆನೋವನ್ನು ತಪ್ಪಿಸುವ ದಾರಿ ಷೋರೂಮಿನಲ್ಲೇ ಇದೆ. ಆರ್15ರ ಬಗೆಯ ಎಂಜಿನ್ನನ್ನೇ ಎತ್ತರದ ಹ್ಯಾಂಡಲಿನೊಂದಿಗೆ ಯಮಹಾ 2019ರಲ್ಲಿ ಎಂಟಿ-15 ಹೆಸರಿನಲ್ಲಿ ಮಾರತೊಡಗಿತು. ಆರ್‌ಸಿ 390ಕ್ಕೆ 2023ರವರೆಗೂ ಅದೇ ಎಂಜಿನ್ನಿನ ಡ್ಯೂಕ್ 390 ಜೊತೆಗಿತ್ತು. ಆರ್‌ಆರ್ 310ಕ್ಕೆ 2023ರಲ್ಲಿ ಆರ್‌ಟಿಆರ್ 310 ಜೊತೆಯಾಯಿತು. ರಾಯಲ್ ಎನ್‌ಫೀಲ್ಡ್ 2018ರಲ್ಲಿ ಒಟ್ಟಿಗೇ ತಂದ ಕಾಂಟಿನೆಂಟಲ್ ಜಿಟಿ 650 ಮತ್ತು ಇಂಟರ್‌ಸೆಪ್ಟರ್ 650 ಬೈಕುಗಳ ಎಂಜಿನ್ ಒಂದೇ. ಮುಖ್ಯ ವ್ಯತ್ಯಾಸವಿರುವುದು ಸವಾರ ಕೂರುವ ರೀತಿಯಲ್ಲಿ. ಒಂದರದು ಕ್ಲಿಪ್-ಆನ್, ಇನ್ನೊಂದರದು ಅಗಲದ ಪೈಪು.

ಈಗಾಗಲೇ ಸ್ಪೋರ್ಟ್ಸ್ ಬೈಕು ಮನೆಗೆ ಬಂದಿದ್ದರೆ ಮೊದಲು ಕೂರುವ ರೀತಿ ತಿದ್ದಿಕೊಳ್ಳಿ, ಆಮೇಲೆ ಲಿವರ್ ತಿರುಗಿಸಿ, ಒಂದೆರಡು ತಿಂಗಳು ವ್ಯಾಯಾಮ ಮಾಡಿ ನೋಡಿ. ಅಷ್ಟಾಗಿಯೂ ನೋವು ಬಿಡದಿದ್ದರೆ ಹ್ಯಾಂಡಲ್ ಎತ್ತಿಸಿ, ಒಂದಿಂಚು ಸಾಕು. ಕೇಬಲ್, ಹೋಸ್‌ಗಳ ಪರೀಕ್ಷೆ ಮುಗಿಯದೆ ಗ್ಯಾರೇಜ್ ಬಿಡಬೇಡಿ. ಇನ್ನೂ ಕೊಂಡಿಲ್ಲವೇ? ಷೋರೂಮಿನ ಸುತ್ತ ಎರಡು ನಿಮಿಷ ಓಡಿಸಿ ಮುಂಗಡ ಕೊಡಬೇಡಿ. ನೀವು ದಿನಾ ಹೋಗುವ ದಾರಿಯಲ್ಲಿ, ದಿನಾ ಹೋಗುವ ಹೊತ್ತಿನಲ್ಲಿ, ಅರ್ಧ ಗಂಟೆ ಟೆಸ್ಟ್ ರೈಡ್ ಕೇಳಿ ಪಡೆಯಿರಿ. ಗಾಡಿಯ ಅಂದವನ್ನು ಫೋಟೊ ಹೇಳುತ್ತದೆ. ಅದು ನಿಮಗೆ ಒಗ್ಗುತ್ತದೆಯೇ ಎಂಬುದನ್ನು ಹೇಳಬೇಕಾದದ್ದು ನಿಮ್ಮ ಬೆನ್ನು.